ಅಮೋನಿಯಾದಿಂದ ಬೈಕ್ ಓಡಿಸಬಹುದೇ?

ಪ್ರಿಯ ಓದುಗರೇ,

ಅಮೋನಿಯಾದಲ್ಲಿ ಇಂಗಾಲ ಇಲ್ಲ, ಉರಿದರೆ ಬರುವುದು ಸಾರಜನಕ ಮತ್ತು ನೀರು, ಹಾಗಿದ್ದಮೇಲೆ ಪೆಟ್ರೋಲ್ ಬದಲು ಅದನ್ನೇ ಯಾಕೆ ಬಳಸಬಾರದು ಎಂದು ಕೇಳಿದ್ದೀರಿ. ಹಳೇ ಬೈಕಿನಲ್ಲಿ ನೀವೇ ಪ್ರಯೋಗ ಮಾಡುವ ಆಸೆಯನ್ನೂ ಬರೆದಿದ್ದೀರಿ.

ಅಮೋನಿಯಾದಿಂದ ಎಂಜಿನ್ ಓಡುತ್ತದೆ, ಅನುಮಾನ ಬೇಡ. ಎರಡನೇ ಮಹಾಯುದ್ಧದಲ್ಲಿ ಡೀಸೆಲ್ ಸಿಗದೆ ಬೆಲ್ಜಿಯಂನಲ್ಲಿ ಬಸ್ಸುಗಳನ್ನೇ ಓಡಿಸಿದ್ದರು. ಆದರೆ ಬರೀ ಅಮೋನಿಯಾ ಸಾಲಲಿಲ್ಲ, ಕಲ್ಲಿದ್ದಲ ಅನಿಲವನ್ನೂ ಬೆರೆಸಬೇಕಾಯಿತು.

ಕಾರಣ ಇಷ್ಟೇ: ಅಮೋನಿಯಾಗೆ ಬೆಂಕಿ ಹತ್ತುವುದು ಕಷ್ಟ, ಹತ್ತಿದರೂ ಹರಡುವುದು ನಿಧಾನ. ಕಲಕಾಟವಿಲ್ಲದ ಗಾಳಿಯಲ್ಲಿ ಅದರ ಜ್ವಾಲೆ ಸೆಕೆಂಡಿಗೆ ಸುಮಾರು 7 ಸೆಂಟಿಮೀಟರ್ ಸಾಗುತ್ತದೆ. ಪೆಟ್ರೋಲಿನದು ಅದರ ಐದಾರು ಪಟ್ಟು. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್‌ನಲ್ಲಿ ಪಿಸ್ಟನ್ ಮೇಲಿಂದ ಕೆಳಗೆ ಬರಲು 5 ಮಿಲಿಸೆಕೆಂಡ್ ಸಾಕು. ಅಷ್ಟರೊಳಗೆ ಎಲ್ಲಾ ಉರಿಯದಿದ್ದರೆ ಉಳಿದ ಅಮೋನಿಯಾ ಹಾಗೇ ಸೈಲೆನ್ಸರ್‌ನಿಂದ ಹೊರಬೀಳುತ್ತದೆ. ಅದಕ್ಕೇ ಬೇಗ ಉರಿಯುವ ಹೈಡ್ರೋಜನ್ ಸ್ವಲ್ಪ ಬೆರೆಸುತ್ತಾರೆ. ಅದನ್ನು ಬೇರೆ ಕಡೆಯಿಂದ ತರಬೇಕೆಂದಿಲ್ಲ, ಅಮೋನಿಯಾವನ್ನೇ ಬಿಸಿಮಾಡಿ ವೇಗವರ್ಧಕದ (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿನ) ಮೇಲೆ ಹಾಯಿಸಿ ಒಡೆದರೆ ಸಿಗುತ್ತದೆ. ನನಗಂತೂ ಈ ದಾರಿ ತುಂಬಾ ಇಷ್ಟ.

ಹೊಗೆಯ ವಿಷಯದಲ್ಲಿ ಮಾತ್ರ ಜಾಸ್ತಿ ಎಚ್ಚರ ಬೇಕು. ನೀವು ಹೇಳಿದ ಲೆಕ್ಕ ಪೂರ್ತಿ ಸರಿಯಾಗಿ ಉರಿದಾಗಿನದು. ಉರಿ ಕೆಟ್ಟರೆ ನೈಟ್ರಸ್ ಆಕ್ಸೈಡ್ ಹುಟ್ಟುತ್ತದೆ. 100 ವರ್ಷದ ಲೆಕ್ಕದಲ್ಲಿ, ಒಂದು ಕಿಲೋ ನೈಟ್ರಸ್ ಆಕ್ಸೈಡ್ ಸುಮಾರು 270 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಸ್ವಲ್ಪ ಬಂದರೂ ಲಾಭವೆಲ್ಲ ಹೋಯಿತು, ಅಲ್ವಾ? ಜೊತೆಗೆ ಇವತ್ತಿನ ಅಮೋನಿಯಾದ ಬಹುಪಾಲು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದಲೇ ತಯಾರಾಗುತ್ತದೆ. ಎಂಜಿನ್ನಿನಲ್ಲಿ ಬಾರದ ಇಂಗಾಲ ಕಾರ್ಖಾನೆಯಲ್ಲೇ ಗಾಳಿಗೆ ಸೇರಿರುತ್ತದೆ. ಗಾಳಿ, ಬಿಸಿಲಿನ ವಿದ್ಯುತ್ತಿನಿಂದ ತಯಾರಿಸಿದರೆ ಆ ಮಾತೇ ಬೇರೆ.

ನನ್ನ ಮಟ್ಟಿಗೆ ಇದು ಹಡಗಿನ ಇಂಧನ. ದೊಡ್ಡ ಹಡಗಿನ ಎಂಜಿನ್ ನಿಮಿಷಕ್ಕೆ ನೂರರ ಆಸುಪಾಸು ಸುತ್ತು ತಿರುಗುತ್ತದೆ, ಉರಿಯಲು ಬೇಕಾದಷ್ಟು ಸಮಯ ಸಿಗುತ್ತದೆ. ಡೀಸೆಲಿಗಿಂತ ಸುಮಾರು ಮೂರು ಪಟ್ಟು ದೊಡ್ಡ ಟ್ಯಾಂಕಿಗೆ ಜಾಗ ಮಾಡಬಹುದು. ತರಬೇತಾದ ಸಿಬ್ಬಂದಿ ಇರುತ್ತಾರೆ.

ನಿಮ್ಮ ಪ್ರಯೋಗ ಮಾತ್ರ ದಯವಿಟ್ಟು ಮನೆಯಲ್ಲಿ ಬೇಡ. ತೇವ ತಾಗಿದ ಅಮೋನಿಯಾ ತಾಮ್ರ, ಹಿತ್ತಾಳೆಯನ್ನು ತಿನ್ನುತ್ತದೆ, ಕಾರ್ಬುರೇಟರ್‌ನ ಜೆಟ್ ಸಾಮಾನ್ಯವಾಗಿ ಹಿತ್ತಾಳೆಯದೇ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 300 ಪಾಲು ಅಮೋನಿಯಾ ಸೇರಿದರೂ ಜೀವಕ್ಕೆ ಅಪಾಯ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಂಜಿನ್ ಪ್ರಯೋಗಾಲಯ ಇದ್ದರೆ ವಿಚಾರಿಸಿ. ಸೋರಿಕೆ ಪತ್ತೆ ಮಾಡುವ ಉಪಕರಣ ಮತ್ತು ಗೊತ್ತಿರುವವರು ಪಕ್ಕದಲ್ಲಿದ್ದರೆ ಖಂಡಿತ ಮಾಡಿ ನೋಡಿ, ಫಲಿತಾಂಶ ನಮಗೂ ಬರೆಯಿರಿ.

– ಸಂಪಾದಕ