31 ಇಂಚು ಟೈರ್ ಹಾಕಿದ ಜಿಪ್ಸಿ ಏರು ಎಳೆಯುತ್ತಿಲ್ಲ, ಎಂಜಿನ್‌ಗೆ ಏನು ಹಾಕಿಸಲಿ?

ಮಾರುತಿಯ ಫೋರ್ ವೀಲ್ ಡ್ರೈವ್ ಗಾಡಿ ಜಿಪ್ಸಿ ಕಿಂಗ್, 31 ಇಂಚು ಟೈರ್, ಬಿಸಿಲೆ ಘಾಟಿ ಕಡೆಯ ಏರಿನಲ್ಲಿ ದಮ್ಮೇ ಇಲ್ಲ. ಹೆಡರ್ (ಎಂಜಿನ್ನಿನಿಂದ ಹೊಗೆ ಹೊರತರುವ ದಪ್ಪ ಪೈಪುಗಳು), ಫ್ರೀ ಫ್ಲೋ ಸೈಲೆನ್ಸರ್ (ಹೊಗೆಗೆ ತಡೆ ಕಡಿಮೆ ಇರುವುದು), ಕೋನ್ ಫಿಲ್ಟರ್ (ಡಬ್ಬಿಯಿಲ್ಲದ ಏರ್ ಫಿಲ್ಟರ್) ಹಾಕಿಸಲಾ ಅಂತ ಕೇಳಿದ್ದೀರಿ. ಹಾಕಿಸಬೇಡಿ. ಇದೇ ಮೂರನ್ನೂ ಹಾಕಿಸಿ, ಕೊನೆಗೆ ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ಫ್ಲೈವೀಲು ಎಲ್ಲ ಸುಟ್ಟುಕೊಂಡವನು ನಾನು. ಗಾಡಿ ಬಿಚ್ಚಿದಾಗ ಫ್ಲೈವೀಲಿನ ಮೇಲೆ ನವಿಲುಗರಿಯಂಥ ನೀಲಿ ಮಚ್ಚೆಗಳಿದ್ದವು, ಪ್ಲೇಟಿನ ಲೈನಿಂಗ್ ಗಾಜಿನ ಹಾಗೆ ಮಿರುಗುತ್ತಿತ್ತು.

ನಾನು ಹಾಕದೇ ಬಿಟ್ಟ ಲೆಕ್ಕ ಇದು, ಸ್ವಲ್ಪ ಉದ್ದವಾದರೂ ಓದಿ. ಕಂಪನಿಯ 205/70 ಆರ್15 ಟೈರಿನ ವ್ಯಾಸ 668 ಮಿ.ಮೀ. 31 ಇಂಚು ಅಂದರೆ 787. ಎರಡನ್ನೂ ಭಾಗಿಸಿದರೆ 1.18. ಅಂದರೆ ಟೈರ್ ಬದಲಿಸಿದ ದಿನವೇ ನಿಮ್ಮ ಎಲ್ಲ ಗೇರುಗಳೂ 18% ಉದ್ದವಾದವು, ಎಳೆಯುವ ಬಲ ತಗ್ಗಿತು. ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ, ಹೈ ಮತ್ತು ಲೋ ಗೇರಿರುವ ಪೆಟ್ಟಿಗೆ) ಲೋ ಅನುಪಾತ 2.268, ದೊಡ್ಡ ಟೈರಿನ ಜೊತೆ ಅದು 1.93ರ ಹಾಗೆ ಕೆಲಸ ಮಾಡುತ್ತದೆ. ಇಷ್ಟೇ ಆಗಿದ್ದರೆ ಗಾಡಿ ಸ್ವಲ್ಪ ಮಂಕಾಗುತ್ತಿತ್ತು, ಅಷ್ಟೆ. ಕ್ಲಚ್ಚಿನ ಲೆಕ್ಕ ಬೇರೆ. ನಿಂತ ಗಾಡಿಯನ್ನು ಹೊರಡಿಸುವಾಗ ಕ್ಲಚ್ಚಿನಲ್ಲಿ ಹುಟ್ಟುವ ಶಾಖ, ಪ್ಲೇಟು ಪೂರ್ತಿ ಹಿಡಿಯುವ ಹೊತ್ತಿಗೆ ಗಾಡಿಗೆ ಬಂದಿರುವ ವೇಗದ ವರ್ಗಕ್ಕೆ ಸರಿಯಾಗಿ ಏರುತ್ತದೆ. 1.18ರ ವರ್ಗ 1.39. ಸಮತಟ್ಟು ನೆಲದಲ್ಲೇ ಪ್ರತಿ ಸಲ 39% ಹೆಚ್ಚು ಶಾಖ. ಏರಿನಲ್ಲಿ ಇದರ ಮೇಲೆ ಗುರುತ್ವದ ಎಳೆತ. ಹಾಫ್ ಕ್ಲಚ್ಚಿನಲ್ಲಿ ನಿಂತಷ್ಟು ಹೊತ್ತೂ ಎಂಜಿನ್ ಕೊಡುವ ಶಕ್ತಿಯೆಲ್ಲ ಲೈನಿಂಗಿಗೇ ಹೋಗುತ್ತದೆ. ನಾನು ಮಾಡುತ್ತಿದ್ದದ್ದು ಅದನ್ನೇ: 4ಎಚ್ (ನಾಲ್ಕೂ ಚಕ್ರ, ಹೈ) ಮೊದಲ ಗೇರು, ಆರ್‌ಪಿಎಂ 3000, ಹಾಫ್ ಕ್ಲಚ್. 4ಎಲ್‌ಗೆ (ನಾಲ್ಕೂ ಚಕ್ರ, ಲೋ) ಹಾಕಿದ್ದರೆ ಅನುಪಾತ 1.409ರಿಂದ 2.268ಕ್ಕೆ ಹೋಗುತ್ತಿತ್ತು, 1.61 ಪಟ್ಟು. ಅದರ ವರ್ಗ 2.6. ಒಂದು ಲಿವರ್ ಎಳೆದಿದ್ದರೆ ಶಾಖ ಐದರಲ್ಲಿ ಎರಡು ಪಾಲಿನ ಹತ್ತಿರಕ್ಕೆ ಇಳಿಯುತ್ತಿತ್ತು. ಲೋ ಹಾಕೋದು ಗಾಡಿ ಸಿಕ್ಕಿಕೊಂಡಾಗ ಮಾತ್ರ ಅನ್ನೋ ಭ್ರಮೆ ತುಂಬ ಜನಕ್ಕಿದೆ, ನನಗೂ ಇತ್ತು. ಏರು ಶುರುವಾಗುವ ಮೊದಲು, ಗಾಡಿ ನಿಲ್ಲಿಸಿಯೇ ಲೋ ಹಾಕಿ.

ಇನ್ನು ಹೆಡರ್ ವಿಷಯ. ನಿಮ್ಮದು ಎಂಪಿಎಫ್ಐ (ಇಂಜೆಕ್ಟರ್ ಮೂಲಕ ಪೆಟ್ರೋಲ್ ಹೋಗುವ) ಎಂಜಿನ್: 1298 ಸಿಸಿ, 16 ವಾಲ್ವ್, 80 ಎಚ್‌ಪಿ 6000ದಲ್ಲಿ, 103 ನ್ಯೂಟನ್ ಮೀಟರ್ ಟಾರ್ಕ್ 4500ರಲ್ಲಿ. ಬಂಡೆ ಮೇಲೆ, ಕೆಸರಲ್ಲಿ ನಾವು ಓಡಿಸೋದು 1200ರಿಂದ 2500ರ ನಡುವೆ. ದಪ್ಪ ಪೈಪು ಹಾಕಿದರೆ ಕಡಿಮೆ ಆರ್‌ಪಿಎಂನಲ್ಲಿ ಹೊಗೆಯ ವೇಗ ತಗ್ಗುತ್ತದೆ, ಸಿಲಿಂಡರಿನಿಂದ ಸುಟ್ಟ ಗಾಳಿಯನ್ನು ಎಳೆದು ಹಾಕುವ ಶಕ್ತಿಯೂ ತಗ್ಗುತ್ತದೆ. ಲಾಭ ಸಿಗೋದು 4000 ದಾಟಿದ ಮೇಲೆ. ಅಲ್ಲಿ ನಿಮಗೇನು ಕೆಲಸ? ಸದ್ದು ಜಾಸ್ತಿಯಾದದ್ದಕ್ಕೆ ಪವರ್ ಬಂತು ಅಂತ ಕಿವಿ ನಂಬುತ್ತದೆ. ಕೋನ್ ಫಿಲ್ಟರ್ ಇನ್ನೂ ಕೆಟ್ಟದ್ದು. ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಕುಡಿಯುತ್ತದೆ. ಪ್ರತಿ 3 ಡಿಗ್ರಿ ಸೆಲ್ಸಿಯಸ್‌ಗೆ ಗಾಳಿಯ ಸಾಂದ್ರತೆ ಸುಮಾರು 1% ಕಡಿಮೆ. ಹೊರಗೆ 30, ಒಳಗೆ 60 ಇದ್ದರೆ ಹತ್ತಿರ ಹತ್ತಿರ 10% ಹೋಯಿತು. ಹಳೆಯ ಡಬ್ಬಿಯಲ್ಲಿ ಹೊಸ ಪೇಪರ್ ಎಲಿಮೆಂಟ್ ಹಾಕಿ, ಸಾಕು.

ಮೊದಲು ಎಂಜಿನ್ ಆರೋಗ್ಯವಾಗಿದೆಯಾ ನೋಡಿ. ಎಂಜಿನ್ ಬಿಸಿ ಇರುವಾಗ ನಾಲ್ಕೂ ಪ್ಲಗ್ ತೆಗೆದು, ಇಗ್ನಿಷನ್ ಮತ್ತು ಇಂಜೆಕ್ಟರ್ ಕನೆಕ್ಟರ್ ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಕ್ರ್ಯಾಂಕ್ ಮಾಡಿ ಕಂಪ್ರೆಶನ್ ಅಳೆಯಿರಿ. 14 ಕೆಜಿ/ಚ.ಸೆಂ.ಮೀ. ಸುತ್ತಮುತ್ತ ಬರಬೇಕು, 12ಕ್ಕಿಂತ ಕಡಿಮೆ ಇದ್ದರೆ ಅಥವಾ ಸಿಲಿಂಡರುಗಳ ನಡುವೆ 1ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಬೇರೆ ಯಾವುದಕ್ಕೂ ದುಡ್ಡು ಹಾಕಬೇಡಿ. ಪ್ಲಗ್ ಗ್ಯಾಪ್ 1.0ರಿಂದ 1.1 ಮಿ.ಮೀ. ನಾಲ್ಕೂ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ; ಕೆಸರಲ್ಲಿ ಓಡಿದ ಗಾಡಿಯ ಬ್ರೇಕು ಹಿಡಿದುಕೊಂಡಿದ್ದರೆ ಮಾಲೀಕ ಎಂಜಿನ್ನನ್ನೇ ಬಯ್ಯುತ್ತಿರುತ್ತಾನೆ. ಒಂದು ಮಾತು: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಸುಮಾರು 10% ಶಕ್ತಿ ಕಳೆದುಕೊಂಡಿರುತ್ತದೆ. ಮಂಗಳೂರಿನ ಗೆಳೆಯನ ಗಾಡಿಗೆ ಹೋಲಿಸಬೇಡಿ.

ಎಂಜಿನ್ ಸರಿ ಇದ್ದರೆ ನಿಮ್ಮೆದುರು ಇರೋದು ಎರಡೇ ದಾರಿ. 31 ಮಾರಿ 235/75 ಆರ್15 ಹಾಕಿ. ಗೇರ್ ಉದ್ದವಾಗೋದು 10% ಮಾತ್ರ. ನನ್ನ ಮಟ್ಟಿಗೆ ಸುಮಾರು ಒಂದು ಟನ್ ತೂಕದ ಜಿಪ್ಸಿಗೆ ಇದಕ್ಕಿಂತ ದೊಡ್ಡದು ಶೋಕಿ. ಇಲ್ಲ, 31 ಬೇಕೇ ಬೇಕು ಅಂದರೆ ಟ್ರಾನ್ಸ್‌ಫರ್ ಕೇಸಿನೊಳಗೆ ಸುಜುಕಿ ಸಮುರಾಯ್‌ಗೆಂದು (ಜಿಪ್ಸಿಯ ವಿದೇಶಿ ಸೋದರ ಗಾಡಿ) ಹೊರಗಿನ ಕಂಪನಿಗಳು ಮಾಡುವ 4.16 ಗೇರ್ ಸೆಟ್ (ಲೋ ಅನುಪಾತ 4.16) ಹಾಕಿಸಿ. ಹೈ ಸುಮಾರು 12% ಗಿಡ್ಡವಾಗಿ ಟೈರಿನ ನಷ್ಟ ಬಹುಪಾಲು ತುಂಬುತ್ತದೆ, ಲೋ 31 ಇಂಚಿನ ಮೇಲೂ ಕಂಪನಿ ಗಾಡಿಗಿಂತ ಒಂದೂವರೆ ಪಟ್ಟು ಬಲವಾಗುತ್ತದೆ. ಕೊಳ್ಳುವ ಮೊದಲು ನಿಮ್ಮ ಕೇಸಿನ ಶಾಫ್ಟಿನ ಸ್ಪ್ಲೈನ್ (ಉದ್ದುದ್ದ ಹಲ್ಲು) ಎಣಿಸಿ, ಸೆಟ್ ಜೊತೆ ಎಲ್ಲ ಬೇರಿಂಗು, ಸೀಲು ಹೊಸದು ಹಾಕಿ. ಆಮೇಲೆ ಸ್ಟೀರಿಂಗ್ ಪೂರ್ತಿ ತಿರುಗಿಸಿಕೊಂಡು ಲೋದಲ್ಲಿ ಆಕ್ಸಿಲರೇಟರ್ ತುಳಿಯಬೇಡಿ, ಮುಂದಿನ ಆಕ್ಸಲಿನ ಸಿವಿ ಜಾಯಿಂಟು (ಚಕ್ರ ತಿರುಗಿದಾಗಲೂ ಶಕ್ತಿ ದಾಟಿಸುವ ಕೀಲು) ಪಟಕ್ಕಂತ ಹೋಗುತ್ತದೆ.

ಆಯಿಲ್: ಗೇರ್‌ಬಾಕ್ಸಿಗೆ ಜಿಎಲ್-4, ಡಿಫರೆನ್ಷಿಯಲ್‌ಗೆ ಜಿಎಲ್-5 (ಗೇರ್ ಆಯಿಲ್ ಡಬ್ಬಿಯ ಮೇಲೆ ಬರೆದಿರುವ ದರ್ಜೆ). ಎಲ್ಲಕ್ಕೂ ಒಂದೇ ಡಬ್ಬಿ ಸುರಿಯುವ ಮೆಕ್ಯಾನಿಕ್ ಸಿಕ್ಕರೆ ತಡೆಯಿರಿ. ಜಿಎಲ್-5ರ ಗಂಧಕದ ಅಂಶ ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೊ ರಿಂಗನ್ನು ತಿನ್ನಬಹುದು, ಆಯಿಲ್ ಜಾರು ಜಾಸ್ತಿಯಾಗಿ ಗೇರೂ ಕಚ್ಚುತ್ತದೆ. ಹೊಳೆ ದಾಟಿದ ಮೇಲೆ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಬ್ರೀದರ್ (ಆಕ್ಸಲಿನ ಗಾಳಿ ಹೋಗಿಬರುವ ಸಣ್ಣ ತೂತು) ಮೂಲಕ ನೀರು ಹೋಗಿದೆ. ಕಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಅಂಚಿನಿಂದಲೂ ನೀರು ಎಳೆಯುತ್ತದೆ. ಬ್ರೀದರಿಗೆ ರಬ್ಬರ್ ಹೋಸ್ ಸಿಕ್ಕಿಸಿ ಬಾನೆಟ್ ಎತ್ತರಕ್ಕೆ ತನ್ನಿ.

ಹೊಸ ಕ್ಲಚ್ ಕೂರಿಸುವಾಗ ಫ್ಲೈವೀಲನ್ನು ಲೇತಿಗೆ ಕೊಟ್ಟು ಮುಖ ಸಮ ಮಾಡಿಸಿ. ನೀಲಿ ಮಚ್ಚೆ ಆಳಕ್ಕೆ ಇಳಿದಿದ್ದರೆ ಫ್ಲೈವೀಲೇ ಬದಲಿಸಿ. ರಿಲೀಸ್ ಬೇರಿಂಗು, ಪೈಲಟ್ ಬೇರಿಂಗು ಅದೇ ದಿನ ಹೊಸದಾಗಲಿ. ಪೆಡಲಿನ ಫ್ರೀ ಪ್ಲೇ 20ರಿಂದ 30 ಮಿ.ಮೀ. ಇಡಿ, ಕೇಬಲ್ ಬಿಗಿಯಾಗಿದ್ದರೆ ಹೊಸ ಪ್ಲೇಟೂ ಜಾರುತ್ತದೆ. ಮೊದಲ 500 ಕಿ.ಮೀ. ಬಂಡೆ, ಏರು ಏನೂ ಬೇಡ. ಟ್ರಾನ್ಸ್‌ಫರ್ ಕೇಸು ನಿಂತಿರೋದು ಮೂರು ರಬ್ಬರ್ ಮೌಂಟಿನ ಮೇಲೆ. ಗೇರ್ ಗಿಡ್ಡವಾದಷ್ಟೂ ಅವು ಹರಿಯೋದು ಜಾಸ್ತಿ. 4.16 ಹಾಕಿಸಲು ಕೇಸು ಇಳಿಸಿದಾಗಲೇ ಆ ಮೂರನ್ನೂ ಬದಲಿಸಿಬಿಡಿ, ಇಲ್ಲದಿದ್ದರೆ ಅದೇ ಕೂಲಿಯನ್ನು ಇನ್ನೊಂದು ಸಲ ಕೊಡಬೇಕಾಗುತ್ತದೆ.