ನೆರಳು ಮಾತಾಡಬಾರದು

ಪ್ರಶ್ನೆ: ನಾವು ಸ್ಟಾಕ್‌ಹೋಮ್‌ಗೆ ಬಂದು ಒಂದೂವರೆ ವರ್ಷ. ಮಗಳಿಗೆ ಹತ್ತು, ನಾಲ್ಕನೇ ಕ್ಲಾಸು. ಶಾಲೆಯಲ್ಲಿ ಆಟದ ಪೀರಿಯಡ್‌ಗೆ ಓರಿಯೆಂಟೇರಿಂಗ್ ಅಂತ ಕೈಗೊಂದು ಮ್ಯಾಪ್ ಕೊಟ್ಟು, ಅದರಲ್ಲಿರೋ ಗುರುತುಗಳನ್ನ ಹುಡುಕಿ ಬನ್ನಿ ಅಂತ ಕಾಡಿಗೆ ಬಿಡುತ್ತಾರೆ. ಮೊದಲ ದಿನ ಹೋದವಳು ಅಳುತ್ತಾ ಬಂದಳು. ‘ಮ್ಯಾಪೇ ಸುಳ್ಳು, ಇನ್ನು ಹೋಗಲ್ಲ’ ಅನ್ನುತ್ತಾಳೆ. ಮುಂದಿನ ವಾರ ಮತ್ತೆ ಇದೆ. ಚೀಟಿ ಕೊಟ್ಟು ತಪ್ಪಿಸಬಹುದಾ? ನಮ್ಮದು ಸಾಗರದ ಕಡೆ. ಕಾಡಲ್ಲಿ ಮೈಗೆ ಕಚ್ಚಿಕೊಳ್ಳೋ ಉಣುಗು ಅಂದರೆ ನನಗೇ ಭಯ.
– ಒಬ್ಬ ತಾಯಿ, ಸ್ಟಾಕ್‌ಹೋಮ್

ಉತ್ತರ: ಚೀಟಿ ಬೇಡ. ಇದು ಇಲ್ಲಿನ ಪಠ್ಯಕ್ರಮದಲ್ಲೇ ಇದೆ. ಆರನೇ ಕ್ಲಾಸಿನಿಂದ ಗ್ರೇಡ್ ಕೊಡೋಕೆ ಶುರು ಮಾಡುತ್ತಾರೆ, ಎಷ್ಟು ಸಲ ಅಂತ ತಪ್ಪಿಸುತ್ತೀರಿ?

ಅದಕ್ಕಿಂತ ಮೊದಲು ನಿಮ್ಮ ಮಗಳ ದೂರು ಕೇಳೋಣ. ಮ್ಯಾಪೇ ಸುಳ್ಳು ಅಂದಳಲ್ಲ, ಆ ಮ್ಯಾಪ್ ಮನೆಯಲ್ಲಿದ್ದರೆ ತೆಗೆದು ನೋಡಿ. ಬಿಳಿ ಜಾಗವೇ ಜಾಸ್ತಿ ಇರುತ್ತದೆ. ನೀವಾದರೆ ಏನಂದುಕೊಳ್ಳುತ್ತೀರಿ? ಬಯಲು ಅಂತ ತಾನೇ? ನಾನೂ ಹಾಗೇ ಅಂದುಕೊಂಡಿದ್ದೆ. ಈ ಮ್ಯಾಪ್‌ನಲ್ಲಿ ಬಿಳಿ ಅಂದರೆ ಕಾಡು, ಸಲೀಸಾಗಿ ಓಡಬಹುದಾದ ಕಾಡು. ಹಸಿರು ಅಂದರೆ ನುಗ್ಗೋದಕ್ಕೆ ಕಷ್ಟವಾಗುವಷ್ಟು ದಟ್ಟ. ಬಯಲಿಗೆ ಹಳದಿ. ಊರಲ್ಲಿ ಕಾಡಿಗೆ ಹಸಿರು ಬಣ್ಣ ಹಚ್ಚಿ ಕಲಿತ ಮಗು ಬಿಳಿ ಜಾಗ ಹುಡುಕುತ್ತಾ ಪೈನ್ ಮರಗಳ ಮಧ್ಯೆ ನಿಂತಿದ್ದಾಳೆ ಅಂತ ನನ್ನ ಊಹೆ. ಅವಳ ಜೊತೆಯವರು ಅಷ್ಟರಲ್ಲಿ ಓಡಿಹೋಗಿರುತ್ತಾರೆ. ಅಳು ಬರದೆ ಇನ್ನೇನು?

ನಾನು ಗೋಥೆನ್‌ಬರ್ಗ್‌ನಲ್ಲಿದ್ದೇನೆ. ಮಂಗಳವಾರ ಸಂಜೆ ನಮ್ಮ ಬಡಾವಣೆಯ ಓರಿಯೆಂಟೇರಿಂಗ್ ಕ್ಲಬ್ಬಿನಲ್ಲಿ ಮಕ್ಕಳ ಗುಂಪಿಗೆ ಸಹಾಯಕ್ಕೆ ಹೋಗುತ್ತೇನೆ. ಕಾಡೊಳಗೆ ಕಿತ್ತಳೆ-ಬಿಳಿ ಬಟ್ಟೆಯ ಗುರುತು ತೂಗುಹಾಕೋದು, ಕತ್ತಲಾಗೋ ಮೊದಲು ಬಿಚ್ಚಿ ತರೋದು, ಕೊನೆಗೆ ಬನ್ ಹಂಚೋದು. ಇಷ್ಟೇ ನನ್ನ ಕೆಲಸ. ಓಟದಲ್ಲಿ ನಾನು ಸೊನ್ನೆ.

ಶುರುವಾದದ್ದು ಮಗನಿಂದ. ಅವನಿಗೆ ಆಗ ಏಳು. ಚಿಕ್ಕ ಮಕ್ಕಳ ಹಿಂದೆ ದೊಡ್ಡವರೊಬ್ಬರು ಹೋಗಬಹುದು, ಅದಕ್ಕೆ ಇಲ್ಲಿ ‘ಸ್ಕುಗ್ಗ’ ಅನ್ನುತ್ತಾರೆ. ಅಂದರೆ ನೆರಳು. ನಾನು ನೆರಳಾಗಿ ಹೋದೆ. ಮೊದಲ ಗುರುತಿಗೆ ಮುಂಚೆಯೇ ಮೂರು ಸಲ ‘ಆ ಕಡೆ ಅಲ್ಲ ಪುಟ್ಟ, ಈ ಕಡೆ’ ಅಂದಿದ್ದೆ. ಅಲ್ಲೇ ನಿಂತಿದ್ದ ಕೋಚ್ ನಗುತ್ತಾ ನನ್ನನ್ನು ಪಕ್ಕಕ್ಕೆ ಕರೆದು, ‘ನೆರಳು ಮಾತಾಡಬಾರದು’ ಅಂದರು. ಬಾಯಿ ಮುಚ್ಚಿಕೊಂಡು ಹಿಂದೆ ನಡೆದೆ. ಬಾಯಿ ಮುಚ್ಚಿದ ಮೇಲೇ ಅವನು ಏನು ನೋಡುತ್ತಿದ್ದಾನೆ ಅಂತ ಕಾಣಿಸಿದ್ದು.

ಅವನಿಗೆ ಓಟದ ಯೋಚನೆಯೇ ಇರಲಿಲ್ಲ. ಇರುವೆ ಗೂಡಿನ ಹತ್ತಿರ ಎರಡು ನಿಮಿಷ ಕುಕ್ಕರಗಾಲಲ್ಲಿ ಕೂತ. ಬ್ಲೂಬೆರ್ರಿ ತಿಂದ. ಆಮೇಲೆ ಒಂದು ದೊಡ್ಡ ಬಂಡೆ ಬಂತು. ಮ್ಯಾಪ್‌ನಲ್ಲಿ ಅದು ಒಂದು ಕಪ್ಪು ಚುಕ್ಕೆ, ಅಷ್ಟೇ. ಇವನು ಮ್ಯಾಪ್ ನೋಡಿದ, ಬಂಡೆ ನೋಡಿದ. ‘ಅಮ್ಮಾ, ಇದು ಮಲಗಿರೋ ಎಮ್ಮೆ. ಇವರು ಯಾಕೆ ಬರೀ ಚುಕ್ಕೆ ಇಟ್ಟಿದ್ದಾರೆ?’ ಅಂದ. ಮನೆಗೆ ಬಂದು ಆ ಚುಕ್ಕೆಗೆ ಪೆನ್ನಿನಲ್ಲಿ ಎರಡು ಕೊಂಬು ಬರೆದ. ಆಮೇಲೆ ಆ ಕಾಡಿನಲ್ಲಿ ಅವನು ಎಲ್ಲೇ ಇದ್ದರೂ ಎಮ್ಮೆಯಿಂದ ಲೆಕ್ಕ ಹಾಕಿ ದಾರಿ ಹಿಡಿಯುತ್ತಿದ್ದ.

ದಾರಿ ತಪ್ಪೋ ವಿಷಯದಲ್ಲೂ ಮಕ್ಕಳ ಲೆಕ್ಕ ಬೇರೆ. ಒಮ್ಮೆ ಒಬ್ಬಳು ಹುಡುಗಿ ಎಲ್ಲರೂ ಬಂದು ಎಷ್ಟೋ ಹೊತ್ತಾದ ಮೇಲೆ ಬಂದಳು, ಮೊಣಕಾಲವರೆಗೆ ಕೆಸರು, ಮುಖ ತುಂಬ ನಗು. ಜೌಗಿನಲ್ಲಿ ಕಪ್ಪೆ ಸಿಕ್ಕಿತ್ತಂತೆ. ಅವಳಮ್ಮ ಪಾಪ ಬಿಳಿಚಿಕೊಂಡಿದ್ದರು. ಅದೇ ಸಂಜೆ ಇನ್ನೊಬ್ಬ ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಅವನು ಒಂದು ಗುರುತೂ ತಪ್ಪಿರಲಿಲ್ಲ. ಗೆಳೆಯ ಬಿಟ್ಟು ಓಡಿದ್ದ, ಅಷ್ಟೇ. ನಾವು ಹೆದರೋದು ಎಲ್ಲಿದ್ದೇವೆ ಅಂತ ಗೊತ್ತಾಗದಿದ್ದಾಗ. ಮಕ್ಕಳು ಹೆದರೋದು ಪಕ್ಕದಲ್ಲಿ ಯಾರೂ ಇಲ್ಲದಿದ್ದಾಗ. ಹಾಗಾಗಿ ಟೀಚರ್‌ಗೆ ಚೀಟಿ ಬರೆಯೋದೇ ಆದರೆ ಹೀಗೆ ಬರೆಯಿರಿ: ಮುಂದಿನ ವಾರ ಇವಳನ್ನು ಇನ್ನೊಬ್ಬಳ ಜೊತೆ ಕಳಿಸಿ, ಮ್ಯಾಪ್ ಮಾತ್ರ ಇವಳ ಕೈಯಲ್ಲೇ ಇರಲಿ.

ಮನೆಯಲ್ಲಿ ಎರಡು ಕೆಲಸ ಮಾಡಿ. ಒಂದು, ಮ್ಯಾಪ್ ತಿರುಗಿಸೋದು ಕಲಿಸಿ. ನಮ್ಮ ಮಕ್ಕಳಿಗೆ ಪುಸ್ತಕ ನೆಟ್ಟಗೆ ಹಿಡಿದೇ ಅಭ್ಯಾಸ. ಇಲ್ಲಿ ಮ್ಯಾಪ್‌ನ ಉತ್ತರ ನೆಲದ ಉತ್ತರಕ್ಕೆ ಸರಿಯಾಗಿ ಕೂರಬೇಕು, ಅಕ್ಷರ ತಲೆಕೆಳಗಾದರೆ ಆಗಲಿ. ಕುಂದಾಪುರದ ನನ್ನ ಅಜ್ಜಿ ಎಡ-ಬಲ ಅನ್ನುತ್ತಲೇ ಇರಲಿಲ್ಲ, ಅಡುಗೆಮನೆಯಲ್ಲೂ ‘ಆ ತೆಂಕು ಬದಿಯ ಡಬ್ಬ ತೆಗಿ’ ಅನ್ನುತ್ತಿದ್ದಳು. ಅವಳಿಗೆ ಈ ಆಟ ಬಲು ಸುಲಭ ಆಗುತ್ತಿತ್ತು. ಎರಡನೆಯದು ಕಂದು ಗೆರೆಗಳು. ಎತ್ತರ ತೋರಿಸೋ ಗೆರೆ ಅವು, ಮಕ್ಕಳಿಗೆ ಕೊನೆಗೆ ಅರ್ಥವಾಗೋದು ಅವೇ. ಮಗಳಿಗೆ ಮುಷ್ಟಿ ಕಟ್ಟಲು ಹೇಳಿ. ಬೆರಳ ಗೆಣ್ಣಿನ ಸುತ್ತ ಪೆನ್ನಿನಲ್ಲಿ ಒಂದರ ಹೊರಗೊಂದು ಉಂಗುರ ಬರೆಯಿರಿ. ಈಗ ಕೈ ಬಿಚ್ಚಲಿ. ಗುಡ್ಡ ಮಾಯ, ಗೆರೆ ಮಾತ್ರ ಉಳಿಯಿತು. ಅದೇ ಮ್ಯಾಪ್.

ಇವರಿಗೆ ಯಾಕಿಷ್ಟು ಹುಚ್ಚು ಅಂತ ನಿಮಗೂ ಅನಿಸಿರಬಹುದು. ಮೊದಲು ಇದು ಸೈನಿಕರ ತರಬೇತಿ. 1919ರಲ್ಲಿ ಅರ್ನ್‌ಸ್ಟ್ ಕಿಲ್ಲಾಂಡರ್ ಎಂಬ ಸೇನಾಧಿಕಾರಿ ನಿಮ್ಮ ಸ್ಟಾಕ್‌ಹೋಮ್ ಹತ್ತಿರವೇ ದೊಡ್ಡ ಸ್ಪರ್ಧೆ ಇಟ್ಟರು, ಅಲ್ಲಿಂದ ಹಬ್ಬಿತು. ಕಾಡು ಯಾರದ್ದೇ ಆಗಲಿ, ಹಾಳು ಮಾಡದೆ ಯಾರು ಬೇಕಾದರೂ ಓಡಾಡಬಹುದು ಅನ್ನೋ ಹಕ್ಕೂ ಈ ದೇಶದಲ್ಲಿದೆ.

ಇನ್ನು ಉಣುಗು. ನಿಮ್ಮ ಭಯ ಸುಮ್ನೆ ಅಲ್ಲ. ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡೋದು. ಅದರ ವೈರಸ್‌ಗೆ ಇಲ್ಲಿನ ಟಿಬಿಇ (ಉಣುಗಿನಿಂದ ಬರೋ ಮಿದುಳಿನ ಉರಿಯೂತ) ವೈರಸ್ ದಾಯಾದಿ. ಸ್ಟಾಕ್‌ಹೋಮ್ ಸುತ್ತ ಟಿಬಿಇ ಇದೆ. ಆದರೆ ಒಳ್ಳೆಯ ಲಸಿಕೆ ಸಿಗುತ್ತದೆ, ಆರೋಗ್ಯ ಕೇಂದ್ರದಲ್ಲಿ ಕೇಳಿ. ಒಂದೇ ಡೋಸ್‌ಗೆ ಮುಗಿಯಲ್ಲ, ಬೇಗ ಶುರು ಮಾಡಿ. ಉಣುಗಿನಿಂದಲೇ ಬರೋ ಇನ್ನೊಂದು ಕಾಯಿಲೆ ಬೊರೆಲಿಯಾಗೆ ಮಾತ್ರ ಸದ್ಯ ಲಸಿಕೆ ಇಲ್ಲ, ಕಣ್ಣೇ ಲಸಿಕೆ. ಉದ್ದ ಪ್ಯಾಂಟ್ ಹಾಕಿಸಿ, ತುದಿ ಸಾಕ್ಸ್ ಒಳಗೆ ಸೇರಿಸಿ. ಬಂದ ದಿನವೇ ಮಂಡಿ ಹಿಂದೆ, ಕಿವಿ ಹಿಂದೆ, ಕಂಕುಳು, ಕೂದಲ ಬುಡ ನೋಡಿ. ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ-ಬೆಣ್ಣೆ ಏನೂ ಹಚ್ಚಬೇಡಿ. ಚಿಮುಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೆಟ್ಟಗೆ ಎಳೆದುಬಿಡಿ.

ಮುಂದಿನ ವಾರ ಬ್ಯಾಗಿಗೆ ಎರಡು ಜೊತೆ ಒಣ ಸಾಕ್ಸ್ ಹಾಕಿ. ಜೊತೆಗೆ ಹೋಗೋ ಹುಡುಗಿಯೂ ಜೌಗಿಗೆ ಇಳಿದೇ ಇಳಿಯುತ್ತಾಳೆ.