ನಿಮ್ಮ ಲೇಖನದಲ್ಲಿ ತೀರ್ಮಾನ ಮಾಡುವವರು ಯಾರೂ ಇಲ್ಲ

ನಮಸ್ಕಾರ.

ನೀವು ಕಳಿಸಿದ ‘ಎಲ್ಲರಿಗೂ ಆರೋಗ್ಯ: ಜಗತ್ತು ಕಲಿಸುವ ಪಾಠ’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಬದಿಗಿಡಲೂ ಮನಸ್ಸು ಬರಲಿಲ್ಲ. ಬಡವರಿಗೆ ಚಿಕಿತ್ಸೆ ಸಿಗದೇ ಹೋಗುವುದು ಹಣೆಬರಹವಲ್ಲ, ಯಾರೋ ಮಾಡಿಟ್ಟ ಏರ್ಪಾಡಿನ ಫಲ ಎಂದು ಮೊದಲ ಪ್ಯಾರಾದಲ್ಲೇ ಬರೆದಿದ್ದೀರಿ. ಆ ಮಾತು ನಿಜ. ಅದನ್ನು ಗಟ್ಟಿಯಾಗಿ ಹೇಳುವವರು ಬೇಕು. ಆದರೆ ಮುಂದೆ ಹತ್ತು ದೇಶ ಸುತ್ತಿ ಬಂದರೂ ಆ ‘ಯಾರೋ’ ಯಾರು ಎಂದು ನೀವು ಒಮ್ಮೆಯೂ ಹೇಳುವುದಿಲ್ಲ.

ನಿಮ್ಮ ವಾಕ್ಯಗಳನ್ನೇ ನೋಡಿ. ‘ಆರೋಗ್ಯಕ್ಕೆ ಹೆಚ್ಚು ಹಣ ಮೀಸಲಿಡಬೇಕು.’ ‘ರಾಜಕೀಯ ಇಚ್ಛಾಶಕ್ತಿ ತೋರಬೇಕು.’ ‘ಅಂತರ ಕಡಿಮೆಯಾಗಬೇಕು.’ ಯಾರು ಮೀಸಲಿಡಬೇಕು? ಯಾವುದರಿಂದ ತೆಗೆದು? ಬೇಡ ಎನ್ನುವವರು ಯಾರು, ಅವರಿಗೇನು ನಷ್ಟ? ಆರೋಗ್ಯದ ಆಡಳಿತದ ಬಗ್ಗೆ ಬರೆಯುವುದೆಂದರೆ ಈ ಪ್ರಶ್ನೆಗಳ ಬೆನ್ನು ಹತ್ತುವುದು. 2001ರಲ್ಲಿ ಆಫ್ರಿಕಾದ ನಾಯಕರು ನೈಜೀರಿಯಾದ ಅಬುಜಾದಲ್ಲಿ ಸೇರಿದ್ದರು. ಬಜೆಟ್ಟಿನ ಕನಿಷ್ಠ ಶೇ. 15ರಷ್ಟನ್ನು ಆರೋಗ್ಯಕ್ಕೆ ಕೊಡುವ ಗುರಿ ಇಟ್ಟುಕೊಂಡರು. ನೀವು ಅದನ್ನು ‘ಐತಿಹಾಸಿಕ’ ಎಂದು ಹೊಗಳಿ ಮುಂದಕ್ಕೆ ಹೋಗಿದ್ದೀರಿ. ಹೆಚ್ಚಿನ ದೇಶಗಳು ಆ ಗುರಿ ಮುಟ್ಟಲೇ ಇಲ್ಲ. ಏಕೆ ಮುಟ್ಟಲಿಲ್ಲ ಎನ್ನುವುದೇ ಅಲ್ವಾ ಓದುಗರಿಗೆ ಬೇಕಾದದ್ದು?

ಈಗ ನಿಮ್ಮ ನಾಲ್ಕನೇ ಪುಟಕ್ಕೆ ಬನ್ನಿ. ‘ಥಾಯ್ಲೆಂಡ್ 30 ಬಾಟ್‌ಗೆ ಎಲ್ಲರಿಗೂ ಚಿಕಿತ್ಸೆ ಕೊಟ್ಟಿತು.’ ಅಷ್ಟೇ ಇದೆ, ಒಂದು ಸಾಲು. ಇಡೀ ಲೇಖನ ಇಲ್ಲೇ ಕೂತಿತ್ತು, ನೀವು ದಾಟಿ ಹೋಗಿಬಿಟ್ಟಿರಿ.

ಆ 30 ಬಾಟ್ (ಬಾಟ್ ಅಲ್ಲಿನ ನಾಣ್ಯ) ರೋಗಿ ಕೈಯಿಂದ ಕೊಡುತ್ತಿದ್ದ ಶುಲ್ಕ ಮಾತ್ರ. ನಿಜವಾದ ಹಣ ಬಂದದ್ದು ತೆರಿಗೆಯಿಂದ. ಯೋಜನೆ ಇಡೀ ದೇಶಕ್ಕೆ ಹಬ್ಬಿದ 2002ರಲ್ಲಿ ಒಬ್ಬ ವ್ಯಕ್ತಿಗೆ ವರ್ಷಕ್ಕೆ ಸುಮಾರು 1,200 ಬಾಟ್ ಎಂದು ಲೆಕ್ಕ ಹಾಕಿ ಹಣ ಹಂಚಿದರು. ಈ ಹಂಚುವ ರೀತಿಯಲ್ಲೇ ರಾಜಕೀಯ ಇದೆ. ಮಾಡಿದ ಪ್ರತಿ ಪರೀಕ್ಷೆಗೂ ಬಿಲ್ ಕಟ್ಟಿಕೊಟ್ಟರೆ ದುಡ್ಡು ದೊಡ್ಡ ನಗರದ ದೊಡ್ಡ ಆಸ್ಪತ್ರೆಗಳ ಕಡೆ ಹೋಗುತ್ತದೆ. ತಲೆ ಎಣಿಸಿ ಕೊಟ್ಟರೆ ಜನ ಇರುವ ಕಡೆ ಹೋಗುತ್ತದೆ. ಮೊದಲಿಗೆ ಸಿಬ್ಬಂದಿಯ ಸಂಬಳವನ್ನೂ ಇದರಲ್ಲೇ ಸೇರಿಸಿದ್ದರಿಂದ, ಜನಸಂಖ್ಯೆಗೆ ಹೋಲಿಸಿದರೆ ವೈದ್ಯರು ಜಾಸ್ತಿ ಇದ್ದ ಕಡೆಗಳಲ್ಲಿ ವಿರೋಧ ಎದ್ದಿತು. ನಿಮ್ಮ ‘ಇಚ್ಛಾಶಕ್ತಿ’ ಪರೀಕ್ಷೆಗೆ ಬಿದ್ದದ್ದು ಇಂಥ ಜಾಗದಲ್ಲಿ.

ಇನ್ನೂ ಎರಡು ವಿಷಯ ನಿಮ್ಮಲ್ಲಿ ಇಲ್ಲ. ಒಂದು, ಈ ಯೋಜನೆ ಬರುವ ಹೊತ್ತಿಗೆ ಅಲ್ಲಿ ಜಿಲ್ಲಾ ಮಟ್ಟದ ಆಸ್ಪತ್ರೆಗಳು ಆಗಲೇ ಇದ್ದವು. ಅದಕ್ಕೂ ಎಷ್ಟೋ ವರ್ಷ ಮೊದಲಿಂದಲೇ ಹೊಸ ವೈದ್ಯರು ಕಡ್ಡಾಯವಾಗಿ ಸರ್ಕಾರಿ ಸೇವೆ ಮಾಡಬೇಕಿತ್ತು. ಹಾಗಾಗಿ ಹೊಸದಾಗಿ ಯೋಜನೆಯ ಕಾರ್ಡ್ ಪಡೆದವರು ಬಾಗಿಲು ತಟ್ಟಿದಾಗ ಒಳಗೆ ಯಾರಾದರೂ ಇದ್ದರು. ಇನ್ನೊಂದು, ಎಲ್ಲರಿಗೂ ಚಿಕಿತ್ಸೆ ಕೊಡುವ ಕಾನೂನಿಗಾಗಿ ನಾಗರಿಕ ಸಂಘಟನೆಗಳು 50,000ಕ್ಕೂ ಹೆಚ್ಚು ಸಹಿ ಸಂಗ್ರಹಿಸಿದ್ದವು. ಸಾಂಗುವಾನ್ ನಿತಾಯಾರಂಫೊಂಗ್ ಎಂಬ ಸರ್ಕಾರಿ ವೈದ್ಯರು ವರ್ಷಗಟ್ಟಲೆ ಈ ಯೋಚನೆಯನ್ನು ಪಕ್ಷಗಳ ಮುಂದೆ ಇಡುತ್ತಾ ಬಂದಿದ್ದರು. ಆಮೇಲೆ ಬಂದ ಕಾನೂನು ಹಣದ ಹೊಣೆಯನ್ನು ಒಂದು ಪ್ರತ್ಯೇಕ ಸಂಸ್ಥೆಗೆ ಕೊಟ್ಟಿತು, ಅದರ ಮಂಡಳಿಯಲ್ಲಿ ನಾಗರಿಕರ ಪ್ರತಿನಿಧಿಗಳಿಗೂ ಜಾಗ ಕೊಟ್ಟಿತು. ಆಸ್ಪತ್ರೆ ನಡೆಸುವವರು ಮತ್ತು ಆಸ್ಪತ್ರೆಗೆ ಹಣ ಕೊಡುವವರು ಬೇರೆ ಬೇರೆಯಾದರು.

ಈಗ ಡಯಾಲಿಸಿಸ್ ವಿಷಯ. ಶುರುವಿನಲ್ಲಿ ಈ ಯೋಜನೆಯಲ್ಲಿ ಅದು ಇರಲಿಲ್ಲ. ಖರ್ಚು ಜಾಸ್ತಿ, ಅದೇ ಹಣದಲ್ಲಿ ಬೇರೆ ಎಷ್ಟೋ ಜೀವ ಉಳಿಸಬಹುದು ಎಂಬ ವಾದ ಇತ್ತು. ಆ ವಾದ ಸುಳ್ಳಲ್ಲ. ಆದರೆ ಸರ್ಕಾರಿ ನೌಕರರ ಪ್ರತ್ಯೇಕ ಯೋಜನೆಯಲ್ಲಿ ಡಯಾಲಿಸಿಸ್ ಇತ್ತು. ಅದೇ ಕಾಯಿಲೆ, ಅದೇ ದೇಶ. ಒಬ್ಬರಿಗೆ ಸರ್ಕಾರ ಕೊಡುತ್ತದೆ, ಇನ್ನೊಬ್ಬರು ಆಸ್ತಿ ಮಾರಬೇಕು. ರೋಗಿಗಳು ಸಂಘ ಕಟ್ಟಿ ಹೋರಾಡಿದರು. 2008ರಲ್ಲಿ ಡಯಾಲಿಸಿಸ್ ಸೇರಿತು, ಒಂದು ಷರತ್ತಿನ ಮೇಲೆ: ಮೊದಲು ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್. ಯಂತ್ರದ ಡಯಾಲಿಸಿಸ್ ಬೇಕೆಂದರೆ, ವೈದ್ಯಕೀಯ ಕಾರಣ ಇಲ್ಲದಿದ್ದರೆ, ಕೈಯಿಂದ ಹಣ ಹಾಕಬೇಕು. ಯಂತ್ರದ ಕೇಂದ್ರಗಳು ದೂರ ಇದ್ದ ಹಳ್ಳಿಯವರಿಗೆ ಇದು ಅನುಕೂಲವೂ ಆಯಿತು, ಬೇರೆ ದಾರಿ ಇಲ್ಲದ ಕಟ್ಟುಪಾಡೂ ಆಯಿತು. ರೋಗಿಗೆ ಆಯ್ಕೆ ಸಿಕ್ಕಿದ್ದು 2022ರಲ್ಲಿ.

ಇಲ್ಲಿ ಖಳನಾಯಕರು ಯಾರೂ ಇಲ್ಲ. ಇರುವುದು ಅಳತೆಯ ಹಣ, ಅದನ್ನು ಹಂಚಲು ಕೂತ ಮನುಷ್ಯರು ಮತ್ತು ಹೊರಗೆ ಕಾಯುತ್ತಿರುವ ರೋಗಿಗಳು. ಆರೋಗ್ಯದಲ್ಲಿ ನ್ಯಾಯ ಎಂದರೆ ಎಷ್ಟು ಕಷ್ಟದ ಕೆಲಸ ಎಂದು ನಿಮ್ಮ ಓದುಗರಿಗೆ ಇದರಿಂದ ಅರ್ಥವಾಗುತ್ತದೆ. ‘ಸಮಾನತೆ’ ಎಂದು ಹದಿನೈದು ಸಲ ಬರೆದರೆ ಆಗುವುದಿಲ್ಲ.

ಇನ್ನು ತಿದ್ದಲೇಬೇಕಾದವು. ‘ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಫ್ರಾನ್ಸ್ ಜಗತ್ತಿನಲ್ಲೇ ನಂಬರ್ ಒನ್’ ಎಂದಿದ್ದೀರಿ. ಅದು 2000ದ ವರದಿಯ ಪಟ್ಟಿ. 191 ದೇಶಗಳಲ್ಲಿ ಫ್ರಾನ್ಸ್ ಮೊದಲು, ಅಮೆರಿಕ 37ನೇ ಜಾಗ. ಲೆಕ್ಕ ಹಾಕಿದ ರೀತಿಗೆ ದೊಡ್ಡ ಟೀಕೆ ಬಂತು, ಸಂಸ್ಥೆ ಮತ್ತೆ ಅಂಥ ಪಟ್ಟಿ ಮಾಡಲಿಲ್ಲ. ಎರಡು ದಶಕ ಹಳೆಯದನ್ನು ಇವತ್ತಿನ ಸುದ್ದಿಯಂತೆ ಹೇಳಬೇಡಿ. ಹಾಗೆಯೇ ಬ್ರಿಟನ್ನಿನಲ್ಲಿ ‘ಎಲ್ಲವೂ ಉಚಿತ’ ಎನ್ನುವುದೂ ಸರಿಯಲ್ಲ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಶುರುವಾದದ್ದು 1948ರಲ್ಲಿ. 1951ರಲ್ಲೇ ಕಟ್ಟುಹಲ್ಲು, ಕನ್ನಡಕಗಳಿಗೆ ಶುಲ್ಕ ಬಂತು, ಎನ್‌ಎಚ್‌ಎಸ್ ಅನ್ನು ಕಟ್ಟಿ ನಿಲ್ಲಿಸಿದ ಸಚಿವ ಅನ್ಯೂರಿನ್ ಬೆವನ್ ಆ ಜಗಳದಲ್ಲೇ ರಾಜೀನಾಮೆ ಕೊಟ್ಟರು. ಇಂಗ್ಲೆಂಡಿನಲ್ಲಿ ಔಷಧಿ ಚೀಟಿಗೆ ಈಗಲೂ ಅನೇಕರು ಶುಲ್ಕ ಕೊಡುತ್ತಾರೆ.

ಸರಾಸರಿ ಅಂಕಿಗಳನ್ನು ನಂಬಿ ಕೂರಬೇಡಿ. ದೇಶದ ಸರಾಸರಿ ಆಯಸ್ಸು ಹೇಳಿ ಸುಮ್ನೆ ಮುಗಿಸಿದ್ದೀರಿ. ಮೈಕೆಲ್ ಮಾರ್ಮಟ್ ಅಧ್ಯಕ್ಷತೆಯ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗದ 2008ರ ವರದಿಯಲ್ಲಿ ಬ್ರಿಟನ್ನಿನ ಗ್ಲಾಸ್ಗೋ ನಗರದ ಕ್ಯಾಲ್ಟನ್ ಬಡಾವಣೆಯ ಗಂಡಸರ ನಿರೀಕ್ಷಿತ ಆಯಸ್ಸು 54 ವರ್ಷ, ಹತ್ತಿರದ ಲೆಂಜಿಯಲ್ಲಿ 82. ಎನ್‌ಎಚ್‌ಎಸ್ ಎರಡು ಕಡೆಯೂ ಇತ್ತು. ಚಿಕಿತ್ಸೆಗೆ ಹಣ ಬೇಡ ಎಂದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ ಎನ್ನಲು ಇದಕ್ಕಿಂತ ಬಲವಾದ ಉದಾಹರಣೆ ನನಗೆ ಗೊತ್ತಿಲ್ಲ.

ಸಿಯೆರಾ ಲಿಯೋನ್ ಬಗ್ಗೆ ನೀವು ಬರೆದದ್ದರಲ್ಲಿ ಅರ್ಧ ಮಾತ್ರ ಇದೆ. 2010ರಲ್ಲಿ ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಐದು ವರ್ಷದೊಳಗಿನ ಮಕ್ಕಳಿಗೆ ಶುಲ್ಕ ತೆಗೆದರು, ನಿಜ. ಅದರ ಜೊತೆಗೇ ಆರೋಗ್ಯ ಸಿಬ್ಬಂದಿಯ ಸಂಬಳ ಏರಿಸಿದರು, ಕೆಲಸದಲ್ಲಿ ಇಲ್ಲದೆಯೂ ಸಂಬಳದ ಪಟ್ಟಿಯಲ್ಲಿದ್ದವರ ಹೆಸರು ತೆಗೆದರು. ಸಂಬಳ ಸಾಲದ ನರ್ಸ್ ರೋಗಿಯ ಹತ್ತಿರ ಕೈಚಾಚುವ ಸ್ಥಿತಿ ಇದ್ದರೆ ‘ಉಚಿತ’ ಎಂಬ ಬೋರ್ಡಿಗೆ ಬೆಲೆ ಇರುವುದಿಲ್ಲ.

ನನ್ನ ಸಲಹೆ ಇಷ್ಟು. ಉಳಿದ ಒಂಬತ್ತು ದೇಶಗಳನ್ನು ಬಿಡಿ, ಥಾಯ್ಲೆಂಡ್ ಒಂದನ್ನೇ ಬರೆಯಿರಿ. ಗ್ಲಾಸ್ಗೋ ಬೇಕೆನಿಸಿದರೆ ಒಂದು ಪ್ಯಾರಾ ಇರಲಿ. ಡಯಾಲಿಸಿಸ್ಸಿನಿಂದ ಶುರು ಮಾಡಿ, ಅಲ್ಲಿಂದ ಹಿಂದಕ್ಕೆ ಹೋಗಿ. ಸರ್ಕಾರಿ ನೌಕರರ ಯೋಜನೆ ಇನ್ನೂ ಬೇರೆಯಾಗಿಯೇ ಏಕೆ ಉಳಿದಿದೆ ಎಂದು ಕೇಳಿ, ಅದನ್ನು ಒಂದು ಮಾಡಲು ಹೊರಟರೆ ಯಾರು ಅಡ್ಡ ಬರುತ್ತಾರೆ ಎಂದು ಹುಡುಕಿ. ‘ಎಲ್ಲರೂ ಕೈಜೋಡಿಸೋಣ’ ಎಂಬ ಕೊನೆಯ ಪ್ಯಾರಾ ತೆಗೆಯಿರಿ. ಉದ್ದ ಈಗಿರುವುದರ ಅರ್ಧ ಸಾಕು. ಹೀಗೆ ಬರೆದು ಕಳಿಸಿದರೆ ನಾನೇ ಓದಿ ಉತ್ತರ ಕೊಡುತ್ತೇನೆ.